ಡಬ್ಬಿ ಖಾಲಿ ಬರುವುದಿಲ್ಲ

ತಮ್ಮಂದಿರೇ, ತಂಗಿಯರೇ,

ಮೊನ್ನೆ ನೀವು ಐದಾರು ಮಂದಿ ಮನೆಗೆ ಬಂದಿರಿ. ಈ ಸಲ ಈದ್ ದಿನ ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ಕೈಲಾಗದವರ ಮನೆಗೆ ಹಬ್ಬದ ಊಟ ಮುಟ್ಟಿಸಬೇಕಂತ ಮಾಡೀವಿ ಮಾಸ್ತರ, ಒಂದು ದೇಗಿಗೆ ಎಷ್ಟು ಅಕ್ಕಿ ಹಿಡಿತದ ಹೇಳ್ರಿ ಅಂದಿರಿ. ಒಂದು ಕಿಲೋ ಅಕ್ಕಿಯ ಬಿರಿಯಾನಿ ಎಂಟು ಹತ್ತು ಜನಕ್ಕೆ ಆಗುತ್ತದೆ, ಆ ಲೆಕ್ಕದಲ್ಲಿ ಗುಣಿಸಿಕೊಳ್ಳಿ, ಮಿಕ್ಕದ್ದು ಬಾವರ್ಚಿಗೆ ಬಿಡಿ ಅಂದೆ. ಚಹಾ ಕುಡಿದು ಎದ್ದು ಹೋದಿರಿ. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದೆ ಬಿಟ್ಟದ್ದನ್ನು ಹೇಳಲೇ ಇಲ್ಲ. ಅದಕ್ಕೇ ಈ ಕಾಗದ.

ಮೊದಲು ನಾನು ಕೆಡಿಸಿದ ಕೆಲಸವನ್ನೇ ಹೇಳುತ್ತೇನೆ. 2019ರ ಈದ್ ಜೂನ್ 5ಕ್ಕೆ ಬಂದಿತ್ತು. ಮಳೆಯ ಸುಳಿವಿಲ್ಲ. ನಮ್ಮ ಬಿಸಿಲು ಗೊತ್ತಲ್ಲ, ಇಷ್ಟು ಬೆಂಕಿ ಮ್ಯಾಲೇ ಇರುವಾಗ ಶಕ್ತಿನಗರದ ವಿದ್ಯುತ್ ಸ್ಥಾವರದಾಗ ಕಲ್ಲಿದ್ದಲು ಯಾಕ ಸುಡ್ತಾರೋ ಅಂತ ಜನ ನಗುವಂಥ ಬಿಸಿಲು. ರಾಯಚೂರಿನಲ್ಲಿ ನಸುಕಿಗೇ ದೇಗು ಇಳಿಸಿ, ಹೊಗೆಯಾಡುವ ಬಿರಿಯಾನಿಯನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಬಿಗಿದೆವು. ನಮಾಜ್ ಆಗಿ, ಅಪ್ಪಿಕೊಂಡು ಮುಬಾರಕ್ ಹೇಳುವುದಾಗಿ, ಎಲ್ಲರೂ ನಿಂತು ಫೋಟೊ ಹೊಡೆಸಿಕೊಂಡು ಗಾಡಿ ಹೊರಟಾಗ ಹತ್ತೂವರೆ. ಕಲ್ಮಲಾದಲ್ಲಿ ಒಂದು ಗಾಡಿ ಮಾನ್ವಿಯ ದಾರಿ ಹಿಡಿಯಿತು, ನಾನಿದ್ದದ್ದು ಗಬ್ಬೂರಿನ ಮೇಲೆ ದೇವದುರ್ಗಕ್ಕೆ. ಅಲ್ಲಿಂದ ಹಳ್ಳಿ ಹಳ್ಳಿ ಸುತ್ತಿ ಕಡೆಯ ಮನೆ ಮುಟ್ಟಿದಾಗ ಮೂರು ಗಂಟೆ. ಅದೊಬ್ಬ ಪಿಂಜಾರ ಅಜ್ಜನ ಮನೆ. ಹತ್ತಿ ಹಿಂಜುವ ಬಿಲ್ಲು ಗೋಡೆಗೆ ಹಾಗೇ ತೂಗುಹಾಕಿತ್ತು, ಅದರ ನರ ಕಡಿದು ಎಷ್ಟೋ ವರ್ಷ ಆಗಿದ್ದಿರಬೇಕು. ಅಜ್ಜ ಎರಡೂ ಕೈಯಲ್ಲಿ ಚೀಲ ತಗೊಂಡ, ದುವಾ ಮಾಡಿದ. ನಾವು ಪುಣ್ಯ ಕಟ್ಟಿಕೊಂಡೆವು ಅಂತ ತಿರುಗಿ ಬಂದೆವು.

ಬಕ್ರೀದಿಗೆ ಮತ್ತೆ ಹೋದಾಗ ಪಕ್ಕದ ಮನೆಯ ಹುಡುಗ ಹೇಳಿದ. ಗಂಟು ಬಿಚ್ಚಿದರೆ ಅನ್ನ ಹಳಸಿತ್ತಂತೆ, ನೂಲು ಬರುತ್ತಿತ್ತಂತೆ. ಅಜ್ಜ ಅದನ್ನು ನಾಯಿಗೂ ಹಾಕದೆ ಹಿತ್ತಲಲ್ಲಿ ಕುಣಿ ತೋಡಿ ಮುಚ್ಚಿದ. "ಯಾರರ ನೋಡಿದ್ರ ತಂದವ್ರ ಮರ್ಯಾದಿ ಹೋಗ್ತದ" ಅಂದನಂತೆ. ನಮ್ಮ ಮರ್ಯಾದೆ ಉಳಿಸಲಿಕ್ಕೆ ಆ ಮನುಷ್ಯ ಹಬ್ಬದ ದಿನ ಒಣರೊಟ್ಟಿ, ಖಾರಪುಡಿ ತಿಂದಿದ್ದ.

ಅವತ್ತಿನಿಂದ ಒಂದು ಲೆಕ್ಕ ಬಾಯಿಪಾಠ ಮಾಡಿಕೊಂಡಿದ್ದೇನೆ, ನೀವೂ ಮಾಡಿಕೊಳ್ಳಿ. ಮಾಡಿದ ಅಡುಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲಾ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಎರಡು ತಾಸಿಗಿಂತ ಹೆಚ್ಚು ಇಡುವಂತಿಲ್ಲ. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ನಮ್ಮಲ್ಲಿ ಬೇಸಿಗೆಯ ರಾತ್ರಿಯಲ್ಲೂ ಎಷ್ಟೋ ಸಲ ಅಷ್ಟಿರುತ್ತದೆ. ಅಂದಮೇಲೆ ರಾಯಚೂರಿನಲ್ಲಿ ಬೇಯಿಸಿ ದೇವದುರ್ಗಕ್ಕೆ ಒಯ್ಯುವ ಮಾತು ಬಿಡಿ. ದೇವದುರ್ಗದ ಊಟ ದೇವದುರ್ಗದಲ್ಲೇ ಬೇಯಲಿ, ಮಾನ್ವಿಯದು ಮಾನ್ವಿಯಲ್ಲಿ. ಪ್ರಯಾಣ ಮಾಡುವುದಿದ್ದರೆ ಅಕ್ಕಿ ಮಾಡಲಿ, ಬಾವರ್ಚಿ ಮಾಡಲಿ. ಅಲ್ಲಿಯ ಜಮಾತಿನವರು ದೇಗು ಕೊಡದೆ ಇರುವವರಲ್ಲ. ದಾಲ್ಚಾವನ್ನು ಅನ್ನದ ಜೊತೆ ಒಂದೇ ಪೊಟ್ಟಣದಲ್ಲಿ ಸುರಿಯಬೇಡಿ. ಇಷ್ಟು ಸಾಕು, ಅಡುಗೆಯ ಪಾಠ ಇಲ್ಲಿಗೆ ಮುಗಿಯಿತು.

ನನ್ನ ಕೇಳಿದರೆ, ಬೇಯಿಸಿದ ಊಟಕ್ಕಿಂತ ಮೊದಲು ಹೋಗಬೇಕಾದದ್ದು ಬೇರೆಯೇ ಇದೆ. ಫಿತ್ರಾ ದಾನ ಯಾಕೆ ಈದ್ ನಮಾಜಿಗೆ ಮೊದಲೇ ಕೊಡಬೇಕು ಅಂತ ನಿಯಮ ಇಟ್ಟರು, ಯೋಚಿಸಿದ್ದೀರಾ? ಗೋಧಿ ಲೆಕ್ಕದಲ್ಲಿ ತಲೆಗೆ ಒಂದೂಮುಕ್ಕಾಲು ಕಿಲೋ ಅಂತ ಕೆಲವರು, ಎರಡು ಕಿಲೋಗಿಂತ ಒಂದು ಚೂರು ಮೇಲೆ ಅಂತ ಕೆಲವರು, ಆ ತಕರಾರು ಪ್ರತಿ ವರ್ಷ ನಡೆದೇ ಇರುತ್ತದೆ. ಹೊತ್ತಿನ ಬಗ್ಗೆ ಮಾತ್ರ ತಕರಾರಿಲ್ಲ. ಹಬ್ಬದ ಬೆಳಗ್ಗೆ ಬಡವ ಯಾರ ಬಾಗಿಲಿಗೂ ಹೋಗಬಾರದು, ಅವನ ಒಲೆ ಅವನ ಮನೆಯಲ್ಲೇ ಹೊತ್ತಬೇಕು. ಮಧ್ಯಾಹ್ನ ಒಂದು ಗಂಟೆಗೆ ನೀವು ಬಿರಿಯಾನಿ ತರುತ್ತೀರಿ, ಸರಿ. ಬೆಳಗ್ಗೆ ಏಳಕ್ಕೆ ಓಣಿಯ ಪ್ರತಿ ಮನೆಯಿಂದ ಸುರಕುಂಬಾ ಪಾಯಸದ ವಾಸನೆ ಬರುವಾಗ ಆ ಮನೆಯಲ್ಲಿ ಏನಿತ್ತು?

ಅದಕ್ಕೇ ಚಾಂದ್ ರಾತಿಗಿಂತ ಎರಡು ದಿನ ಮೊದಲೇ ಒಂದು ಒಣ ಸಾಮಾನಿನ ಗಂಟು ಮುಟ್ಟಿಸಿ. ಶಾವಿಗೆ, ಸಕ್ಕರೆ, ಉತ್ತತ್ತಿ, ಗೋಡಂಬಿ, ಚಾರೋಳಿ, ಒಂದಿಷ್ಟು ತುಪ್ಪ. ಈದ್ ದಿನ ನಸುಕಿಗೆ ಹಾಲು. ಹಾಲು ಒಂದು ಲೀಟರಿಗಿಂತ ಕಡಿಮೆ ಬೇಡ. ಒಂಟಿ ಮುದುಕಿಗೆ ಅರ್ಧ ಲೀಟರ್ ಸಾಕಲ್ಲ ಮಾಸ್ತರ ಅಂತ ನಿಮ್ಮಲ್ಲೊಬ್ಬ ಅನ್ನಬಹುದು. ಸಾಕಾಗುತ್ತಿತ್ತು, ಹಬ್ಬ ಅಂದರೆ ತಾನೊಬ್ಬಳೇ ಕುಡಿಯುವುದಾಗಿದ್ದರೆ. ಬಟ್ಟಲು ತುಂಬಿ ಕೊಡಲಿಕ್ಕೆ ಇಲ್ಲದ ಮನೆಗೆ ಓಣಿಯ ಹುಡುಗರು ಈದ್ ಮುಬಾರಕ್ ಹೇಳಲು ಬಂದರೆ ಆಕೆ ಬಾಗಿಲು ಮುಂದೆ ಮಾಡಿ ಮಲಗಿದಂತೆ ಮಾಡುತ್ತಾಳೆ. ನಾನು ಕಂಡಿದ್ದೇನೆ. ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಬಂದವರಿಗೆ "ಕುಂದ್ರು, ಒಂದು ಬಟ್ಟಲ ಕುಡದು ಹೋಗು" ಅನ್ನುವ ತಾಕತ್ತು ಆಕೆಗೆ ಬರಬೇಕು.

ಬಕ್ರೀದಿನಲ್ಲೂ ಇದೇ. ಕುರ್ಬಾನಿಯ ಮೂರು ಪಾಲಿನಲ್ಲಿ ಒಂದು ಬಡವರಿಗೆ ಅನ್ನುತ್ತೇವೆ, ಎರಡು ಕಿಲೋ ಮಾಂಸ ತಂದು ಕೈಗಿಟ್ಟು ಹೋಗುತ್ತೇವೆ. ಫ್ರಿಜ್ ಇಲ್ಲ, ಮನೆಯಲ್ಲಿ ಎಣ್ಣೆ ತಳ ಹತ್ತಿದೆ, ಅಷ್ಟು ಮಾಂಸ ಏನು ಮಾಡಬೇಕು? ಅರ್ಧ ಕಿಲೋ ಕೊಡಿ, ಸಣ್ಣಗೆ ಕೊಯ್ದು ಕೊಡಿ, ಜೊತೆಗೆ ಮಸಾಲೆ, ಉಳ್ಳಾಗಡ್ಡಿ, ಪಾವ್ ಲೀಟರ್ ಎಣ್ಣೆ ಇಡಿ.

ಇನ್ನು ಯಾರಿಗೆ ಕೊಡಬೇಕು ಅಂತ ನೀವು ಮಾಡಿಕೊಂಡ ಪಟ್ಟಿ. ಅದರಲ್ಲಿ ಮಸೀದಿಯ ಮುಂದೆ ಕೂತಿರುವವರ ಹೆಸರೇ ಹೆಚ್ಚು. ಅವರಿಗೂ ಕೊಡಿ, ಬೇಡ ಅನ್ನುವುದಿಲ್ಲ. ಕಣ್ಣಿಗೆ ಬೀಳುವವರನ್ನು ಎಲ್ಲರೂ ನೋಡುತ್ತಾರೆ, ಅವರ ಕೈಗೆ ಹಬ್ಬದ ದಿನ ಮೂರು ತಂಡದವರ ಮೂರು ಪೊಟ್ಟಣ ಬಂದಿರುತ್ತವೆ. ಕಣ್ಣಿಗೆ ಬೀಳದವರು ಯಾರು? ಗಂಡ ತೀರಿಕೊಂಡು ಇದ್ದತ್‌ನಲ್ಲಿ ಕೂತಿರುವ ಹೆಣ್ಣುಮಗಳು. ನಾಲ್ಕು ತಿಂಗಳು ಹತ್ತು ದಿನ ಆಕೆ ಹೊಸ್ತಿಲು ದಾಟಿ ನಿಮ್ಮ ಟೇಬಲ್ ಮುಂದೆ ಸಾಲು ನಿಲ್ಲುವುದಿಲ್ಲ. ತಂಗಿಯರೇ, ಆ ಮನೆಗಳು ನಿಮ್ಮವು, ಹುಡುಗರಿಗೆ ಬಿಡಬೇಡಿ. ಇನ್ನು ಗುಳೆ ಹೋದವರ ಮನೆಗಳು. ಮಾನ್ವಿಗೆ ತುಂಗಭದ್ರಾ ಎಡದಂಡೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ, ಕಾಲುವೆಗಳೇನೋ ಇವೆ. ಕೊನೇ ಭಾಗಕ್ಕೆ ನೀರು ಬರುವುದು ಬಂದ ವರ್ಷಕ್ಕೆ ಸೈ. ಹೊಲ ಇಲ್ಲದವರಿಗೆ ನೀರು ಬಂದರೂ ಒಂದೇ, ಬಿಟ್ಟರೂ ಒಂದೇ. ಮಗ ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ, ಮನೆಯಲ್ಲಿ ಅಜ್ಜಿ, ಅಜ್ಜಿಯ ಹತ್ತಿರ ಎರಡು ಮೊಮ್ಮಕ್ಕಳು. ಹೊರಗಿನಿಂದ ನೋಡಿದರೆ ದುಡಿಯುವ ಮಗ ಇರುವ ಮನೆ, ಯಾವ ಪಟ್ಟಿಗೂ ಸೇರುವುದಿಲ್ಲ. ಮಗ ಹಬ್ಬಕ್ಕೆ ಬಂದರೆ ಬಂದ, ಬಸ್ ಚಾರ್ಜು ನೋಡಿ ನಿಂತರೆ ನಿಂತ.

ಮೂರನೆಯದು ಎರಡೇ ಮನೆ ನಮ್ಮವರಿರುವ ಹಳ್ಳಿ. ಅಲ್ಲಿ ಮಸೀದಿಯಿಲ್ಲ, ಜಮಾತಿಲ್ಲ, ಹಾಗಾಗಿ ಪಟ್ಟಿಯೂ ಇಲ್ಲ. ಮನೆಮಾತೂ ಕನ್ನಡವೇ ಆಗಿರುವ ಪಿಂಜಾರ ನದಾಫರು ಇರುತ್ತಾರೆ. ಅವರ ಮುಂದೆ ನಿಂತು ಉರ್ದು ಭಾಷಣ ಮಾಡಬೇಡಿ, ಪಾಪ, ತಲೆ ಅಲ್ಲಾಡಿಸುತ್ತಾರೆ ಅಷ್ಟೇ. ಇಂಥವರನ್ನು ಹುಡುಕಬೇಕಾದರೆ ಕಿರಾಣಿ ಅಂಗಡಿಯವನನ್ನು ಕೇಳಿ. ಯಾರ ಉದ್ರಿ ಬೆಳೆಯುತ್ತಿದೆ, ಯಾರು ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾರೆ ಅನ್ನುವುದು ಅವನಿಗೆ ಗೊತ್ತಿರುವಷ್ಟು ಮಸೀದಿಯ ಮುತವಲ್ಲಿಗೂ ಗೊತ್ತಿರುವುದಿಲ್ಲ. ಆಧಾರ್ ಕಾರ್ಡ್ ಕೇಳಬೇಡಿ. ಊಟಕ್ಕೆ ಯಾವ ಆಧಾರ್?

ರೊಕ್ಕದ ಬಗ್ಗೆ ಒಂದೇ ಮಾತು. ಜಕಾತಿನ ಚೀಲ ಬೇರೆ ಇಡಿ, ದೇಗಿನ ಚೀಲ ಬೇರೆ ಇಡಿ. ಜಕಾತ್ ಬಡವನ ಕೈ ಸೇರಿ ಅವನದಾಗಬೇಕು. ನೀವು ಬೇಯಿಸಿದ ಬಿರಿಯಾನಿಯಲ್ಲಿ ಒಂದು ತಟ್ಟೆ ನೀವೂ ಉಣ್ಣುತ್ತೀರಿ, ಒಂದು ಪಕ್ಕದ ಮನೆಗೂ ಹೋಗುತ್ತದೆ. ಅದಕ್ಕೆ ಇಷ್ಟಪಟ್ಟು ಕೊಡುವ ಸದಕಾದ ರೊಕ್ಕವೇ ಆಗಬೇಕು. ಸಂಶಯ ಬಂದರೆ ಮೌಲಾನಾ ಅವರನ್ನು ಕೇಳಿ, ವಾಟ್ಸಾಪನ್ನಲ್ಲ.

ಪಕ್ಕದ ಮನೆ ಅಂದೆನಲ್ಲ. 2025ರಲ್ಲಿ ಮಾರ್ಚ್ 30ರ ಭಾನುವಾರ ಯುಗಾದಿ, ಮರುದಿನ ಸೋಮವಾರ ಈದ್. ಭಾನುವಾರ ನಮ್ಮನೆಗೆ ಬೇವು, ಹೋಳಿಗೆ ಬಂದವು. ಸೋಮವಾರ ನಮ್ಮ ಹುಡುಗರು ಉತ್ಸಾಹದಿಂದ ಓಣಿಯ ಎಲ್ಲ ಮನೆಗೂ ಬಿರಿಯಾನಿ ಡಬ್ಬಿ ಹೊತ್ತುಕೊಂಡು ಹೋದರು. ಸೋಮವಾರ ಎಷ್ಟು ಮಂದಿ ಮಾಂಸ ಮುಟ್ಟುವುದಿಲ್ಲ ಅನ್ನುವುದು ಈ ಊರಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ನೆನಪಾಗಲಿಲ್ಲ! ಅರ್ಧ ಡಬ್ಬಿ ಮುಟ್ಟದೆ ವಾಪಸ್ ಬಂದವು, ಸುರಕುಂಬಾ ಮಾತ್ರ ಹೋದ ಹೋದಲ್ಲೆಲ್ಲ ಖಾಲಿ. ಹಾಸಿಗೆ ಹಿಡಿದ ಒಬ್ಬ ಲಿಂಗಾಯತ ಅಜ್ಜಿ ಇದ್ದಾರೆ ನಮ್ಮ ಓಣಿಯಲ್ಲಿ, ಅವರಿಗೆ ಸಕ್ಕರೆ ಕಾಯಿಲೆ. ಅವರಿಗಾಗಿ ನನ್ನ ಹೆಂಡತಿ ಸಕ್ಕರೆ ಹಾಕದೆ ಒಂದು ಬಟ್ಟಲು ತೆಗೆದಿಡುತ್ತಾಳೆ. ಉತ್ತತ್ತಿಯ ಸಿಹಿಯೂ ಸಿಹಿಯೇ ಅಂತ ನಾನು ಹೇಳಿ ಬೈಸಿಕೊಂಡಿದ್ದೇನೆ.

ಫೋಟೊದ ವಿಷಯಕ್ಕೆ ಬರುತ್ತೇನೆ. ನಿಮಗೆ ಬೇಸರ ಆಗಬಹುದು. ದೇಗಿನ ಫೋಟೊ ತೆಗೆಯಿರಿ, ಉಳ್ಳಾಗಡ್ಡಿ ಕೊಯ್ಯುತ್ತ ಅಳುವ ನಿಮ್ಮ ಫೋಟೊ ಬೇಕಾದಷ್ಟು ತೆಗೆಯಿರಿ, ದಾನ ಕೊಟ್ಟವರಿಗೆ ಲೆಕ್ಕ ತೋರಿಸಲು ರಸೀದಿ ಇಡಿ. ತಗೊಳ್ಳುವವರ ಮುಖ ಬೇಡ. ಕೊಟ್ಟದ್ದನ್ನು ಆಡಿ ತೋರಿಸಿ, ನೋಯಿಸಿ ದಾನವನ್ನು ಹಾಳುಮಾಡಿಕೊಳ್ಳಬೇಡಿ ಅನ್ನುವ ಎಚ್ಚರಿಕೆ ಕುರಾನಿನ ಎರಡನೆಯ ಅಧ್ಯಾಯದಲ್ಲೇ ಇದೆ, 264ನೆಯ ವಾಕ್ಯ, ತೆಗೆದು ಓದಿ. ಆಟೊಮನ್ ಕಾಲದ ಇಸ್ತಾಂಬುಲ್‌ನಲ್ಲಿ ಮಸೀದಿಗಳ ಹತ್ತಿರ ಆಳೆತ್ತರದ ಕಲ್ಲುಕಂಬ ನಿಲ್ಲಿಸಿ ಮೇಲೆ ಕುಳಿ ಕೊರೆದಿರುತ್ತಿದ್ದರು. ಇದ್ದವನು ಕುಳಿಯಲ್ಲಿ ನಾಣ್ಯ ಇಟ್ಟು ಹೋಗುತ್ತಿದ್ದ, ಇಲ್ಲದವನು ಕತ್ತಲಾದ ಮೇಲೆ ಬಂದು ಬೇಕಾದಷ್ಟು ತೆಗೆದುಕೊಳ್ಳುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ಪಿಂಜಾರ ಅಜ್ಜ ಹಿತ್ತಲಲ್ಲಿ ಕುಣಿ ತೋಡಿದಾಗ ನಮ್ಮ ಮರ್ಯಾದೆ ಕಾಯ್ದನಲ್ಲ, ಅವನ ಮರ್ಯಾದೆಯನ್ನು ನಾವು ಅಷ್ಟಾದರೂ ಕಾಯಬೇಡವೇ?

ಕಡೆಗೆ ಡಬ್ಬಿ. ನೀವು ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಡಬ್ಬಿಯ ರೇಟು ವಿಚಾರಿಸಿಕೊಂಡು ಬಂದಿದ್ದಿರಿ. ತಿಂದು ಬಿಸಾಕಬಹುದು, ತಿರುಗಿ ಹೋಗುವ ಕೆಲಸ ಇಲ್ಲ ಅಂದಿರಿ. ನನಗೆ ಚುಚ್ಚಿದ್ದು ಆ ಮಾತು.

2020ರ ಈದ್ ಮೇ 25ಕ್ಕೆ. ಲಾಕ್‌ಡೌನ್ ಇತ್ತು, ಈದ್ಗಾ ಖಾಲಿ, ಎಲ್ಲರೂ ಮನೆಯಲ್ಲೇ ನಮಾಜ್ ಮಾಡಿದೆವು. ಮಾನ್ವಿಯಲ್ಲಿ ಒಬ್ಬ ಖಾಲಾ ಇದ್ದಳು, ಎಪ್ಪತ್ತು ದಾಟಿದ ವಿಧವೆ. ಮಗ ಪುಣೆಯಿಂದ ಬಂದು ಕ್ವಾರಂಟೈನಿನಲ್ಲಿದ್ದ. ಆ ಹೊತ್ತಿನಲ್ಲಿ ಅಂಗಡಿಗಳು ಮುಚ್ಚಿ ಪಾರ್ಸೆಲ್ ಡಬ್ಬಿ ಸಿಗಲಿಲ್ಲ, ಮನೆಯ ಸ್ಟೀಲ್ ಡಬ್ಬಿಯಲ್ಲೇ ಊಟ ಹಾಕಿ, ಆಕೆಯ ಕಟ್ಟೆಯ ಮೇಲಿಟ್ಟು ದೂರ ನಿಂತು ಸಲಾಮ್ ಹೇಳಿ ಬಂದೆ. ಮೂರನೇ ದಿನ ಡಬ್ಬಿ ತರಲು ಹೋದೆ. ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ತಡಿ ಅಂದು ಒಳಗೆ ಒಯ್ದು, ಮುಚ್ಚಳ ಹಾಕಿ ತಂದು ಕಟ್ಟೆಯ ಮೇಲಿಟ್ಟಳು. ಎತ್ತಿಕೊಂಡರೆ ಗಲಗಲ ಸದ್ದು. "ಇದೇನು ಖಾಲಾ?" ಅಂದೆ. "ಖಾಲಿ ಡಬ್ಬಿ ಹ್ಯಾಂಗ ಕೊಡ್ಲಿ ಬೇಟಾ" ಅಂದಳು. ಮನೆಗೆ ಬಂದು ತೆಗೆದರೆ ಒಂದು ಹಿಡಿ ಹುರಿದ ಶೇಂಗಾ, ಕಾಗದದಲ್ಲಿ ಸುತ್ತಿದ ನಿಂಬೆಹಣ್ಣಿನಷ್ಟು ಬೆಲ್ಲ. ಶೇಂಗಾದ ಸಿಪ್ಪೆಯನ್ನು ಒಂದೊಂದಾಗಿ ತಿಕ್ಕಿ ತೆಗೆದಿದ್ದಳು.

ನಮ್ಮ ಕಡೆ ಯಾವ ಮನೆಯೂ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆ ಹಾಕಿಯಾದರೂ ಕೊಡುತ್ತಾರೆ. ನೀವು ಕೊಡುವ ಪ್ಲಾಸ್ಟಿಕ್ ಡಬ್ಬಿ ಅವರ ಕೈಯಿಂದ ಅಷ್ಟನ್ನೂ ಕಸಿದುಕೊಳ್ಳುತ್ತದೆ. ಇನ್ನೊಂದು ಮಾತು: ಡಬ್ಬಿ ತರಲು ಹೋದ ದಿನವೇ ನಾನು ಆಕೆಯ ಬಿ.ಪಿ. ಗುಳಿಗೆ ಮುಗಿದು ಹತ್ತು ದಿನವಾಗಿದ್ದನ್ನು ತಿಳಿದದ್ದು. ಹಬ್ಬದ ದಿನ ಕೇಳಿದ್ದರೆ "ಎಲ್ಲಾ ಆರಾಮ್ ಅದ" ಅಂದಿರುತ್ತಿದ್ದಳು. ಹಬ್ಬದ ದಿನ ಯಾರು ತಮ್ಮ ಕಷ್ಟ ಹೇಳುತ್ತಾರೆ?

ಹಾಗಾಗಿ ಸ್ಟೀಲ್ ಡಬ್ಬಿ ಹೊಂದಿಸಿ. ಮನೆಗೆ ಎರಡೆರಡು ಕೇಳಿದರೂ ಸಾಕಾಗುತ್ತವೆ. ಮೇಲೆ ಹೆಸರು ಬರೆಯಬೇಡಿ, ನಂಬರ್ ಹಾಕಿ. ಮೂರನೇ ದಿನ ತರಲು ಹೋಗುವವರು ಕೊಟ್ಟು ಬಂದವರೇ ಆಗಿರಲಿ. ಡಬ್ಬಿಯಲ್ಲಿ ಏನು ಹಾಕಿ ಕೊಟ್ಟರೂ ಬೇಡ ಅನ್ನದೆ ತಗೊಳ್ಳಿ, ಅಲ್ಲೇ ಒಂದು ಬಾಯಿಗೆ ಹಾಕಿಕೊಳ್ಳಿ.

ನಮ್ಮ ಮನೆಯಲ್ಲಿ ಎಂಟು ಡಬ್ಬಿ ತೆಗೆದಿಟ್ಟಿದ್ದೇವೆ. ಶುಕ್ರವಾರ ನಮಾಜ್ ಆದಮೇಲೆ ಬಂದು ಒಯ್ಯಿರಿ. ಅದರಲ್ಲಿ ಒಂದರ ಮುಚ್ಚಳ ಸಡಿಲ, ಅದಕ್ಕೆ ಸುರಕುಂಬಾ ಹಾಕಬೇಡಿ, ಸೋರುತ್ತದೆ.