ದೋಣಿಯ ಹಿಂದೆ ಹೋಗಿ ನೋಡಿ

ಹಳೆಯ ದೋಣಿ ಕೊಳ್ಳುವ ಬಗ್ಗೆ ನನ್ನನ್ನು ವಿಚಾರಿಸುವ ಇಲ್ಲಿನ ಕನ್ನಡಿಗ ಗೆಳೆಯರು ಮೊದಲು ಕೇಳುವುದು ಒಂದೇ: ಎಂಜಿನ್ ಎಷ್ಟು ಗಂಟೆ ಓಡಿದೆ? ಕಾರು ಕೊಂಡು ರೂಢಿಯಾದವರು ಹಾಗೆ ಕೇಳುವುದು ಸಹಜ. ಆದರೆ ಮೇರಿಲ್ಯಾಂಡ್‌ನಲ್ಲಿ, ಚೆಸಪೀಕ್ ಕೊಲ್ಲಿಯ ನೀರಿನಲ್ಲಿ ವರ್ಷಗಟ್ಟಲೆ ನಿಂತ ದೋಣಿಗೆ ಬೆಲೆ ಕಟ್ಟಬೇಕಾದದ್ದು ಎಂಜಿನ್ ನೋಡಿ ಅಲ್ಲ, ಹಿಂದೆ ತೂಗುವ ಸ್ಟರ್ನ್ ಡ್ರೈವ್ ನೋಡಿ.

1959ರಲ್ಲಿ ವೋಲ್ವೊ ಪೆಂಟಾ ಮಾರುಕಟ್ಟೆಗೆ ತಂದ ಏರ್ಪಾಡು ಇದು. ಎಂಜಿನ್ ದೋಣಿಯೊಳಗೆ ಬೆಚ್ಚಗಿರುತ್ತದೆ. ಗೇರುಗಳನ್ನು ಹೊತ್ತ ಅಲ್ಯೂಮಿನಿಯಂ ಡ್ರೈವ್ ಮಾತ್ರ ಹೊರಗೆ ನೀರಿನಲ್ಲಿ. ಅದರ ತುದಿಯ ಪ್ರೊಪೆಲರ್ ಎಷ್ಟೋ ದೋಣಿಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನದು. ಎರಡು ಬೇರೆ ಲೋಹಗಳು ಒಂದಕ್ಕೊಂದು ತಗುಲಿಕೊಂಡು ಉಪ್ಪುನೀರಿನಲ್ಲಿ ಮುಳುಗಿದರೆ ಅಲ್ಲೊಂದು ಬ್ಯಾಟರಿ ಹುಟ್ಟುತ್ತದೆ, ಕರಗುವ ಸರದಿ ಅಲ್ಯೂಮಿನಿಯಂನದು. ಮೊದಲು ಬಣ್ಣ ಗುಳ್ಳೆಯೇಳುತ್ತದೆ. ಗುಳ್ಳೆ ಒಡೆದರೆ ಬಿಳಿ ಪುಡಿ, ಪುಡಿ ಕೆರೆದರೆ ಕುಳಿ.

ಇದನ್ನು ತಡೆಯಲೆಂದೇ ಡ್ರೈವ್‌ಗೆ ಆನೋಡ್‌ಗಳನ್ನು ಬಿಗಿದಿರುತ್ತಾರೆ. ಅಲ್ಯೂಮಿನಿಯಂಗಿಂತ ಬೇಗ ಕರಗುವ ಲೋಹದ ತುಂಡುಗಳು ಅವು; ತಾವು ಸವೆದು ಡ್ರೈವ್ ಉಳಿಸುತ್ತವೆ. ಯಾವ ಲೋಹ ಎಂಬುದು ನೀರಿನ ಮೇಲೆ ನಿಂತಿದೆ. ಸಿಹಿನೀರಿಗೆ ಮೆಗ್ನೀಷಿಯಂ, ಸಮುದ್ರಕ್ಕೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹ. ನಮ್ಮ ಕೊಲ್ಲಿ ಎರಡರ ನಡುವಿನದು: ಉತ್ತರದ ತುದಿಯಲ್ಲಿ ಸಸ್ಕ್ವೆಹಾನಾ ನದಿಯ ಸಿಹಿನೀರು, ವರ್ಜೀನಿಯಾದ ಬಾಯಲ್ಲಿ ಅಟ್ಲಾಂಟಿಕ್‌ನ ಉಪ್ಪು. ಇಂಥ ಸಪ್ಪೆ ಉಪ್ಪುನೀರಿಗೆ ಅಲ್ಯೂಮಿನಿಯಂ ಮಿಶ್ರಲೋಹವೇ ಸರಿ.

ನಾನು ಕೊಂಡ 22 ಅಡಿಯ ದೋಣಿಗೆ ಮಾರುವವರು 14,000 ಡಾಲರ್ ಹೇಳಿದ್ದರು. "ಆನೋಡ್ ನೋಡಿ, ಹೊಸದರ ಹಾಗಿದೆ" ಎಂದು ಹೆಮ್ಮೆಯಿಂದ ತೋರಿಸಿದರು. ನನಗೆ ಅನುಮಾನ ಬಂದದ್ದೇ ಆ ಮಾತಿನಿಂದ. ಡ್ರೈವ್‌ನ ಮೈಮೇಲೆ ಬಿಳಿ ಪುಡಿ ಕಾಣುತ್ತಿತ್ತು, ಅದನ್ನು ಕಾಯಬೇಕಾದ ಆನೋಡ್ ಮಾತ್ರ ಒಂಚೂರೂ ಸವೆದಿರಲಿಲ್ಲ. ಅಡಿಗೆ 25 ಡಾಲರ್‌ನಂತೆ ಕೊಟ್ಟು ದೋಣಿ ಪರೀಕ್ಷಿಸುವ ಸರ್ವೇಯರ್ ಕರೆಸಿದೆ. ದೋಣಿಯನ್ನು ನೀರಿನಿಂದ ಎತ್ತಿಸಿ ಅವರು ಮಲ್ಟಿಮೀಟರ್ ಹಚ್ಚಿದಾಗ ಕಾರಣ ಸಿಕ್ಕಿತು: ಆನೋಡ್‌ಗೂ ಡ್ರೈವ್‌ಗೂ ಸಂಪರ್ಕವೇ ಇರಲಿಲ್ಲ. ಯಾರೋ ಅಂದ ಮಾಡಲು ಹೋಗಿ ಬಣ್ಣದ ಮೇಲೆಯೇ ಅದನ್ನು ಬಿಗಿದಿದ್ದರು.

ಕಾರಣ ತಿಳಿಯದೆ ಬಣ್ಣ ಹೊಡೆಸಿದರೆ ಒಂದೇ ಬೇಸಿಗೆಯಲ್ಲಿ ಅದು ಮತ್ತೆ ಉಬ್ಬುತ್ತದೆ, ಕೊಟ್ಟ ಹಣ ನೀರಿಗೆ. ಕಾರಣ ಗೊತ್ತಾದ ಮೇಲೆ ಉಳಿದ ಪ್ರಶ್ನೆ, ಹಾನಿ ಎಷ್ಟು ಆಳಕ್ಕಿದೆ ಎಂಬುದು. ಹೊರಮೈಯ ಕುಳಿಗಳನ್ನು ಸರಿಪಡಿಸಬಹುದು. ಸೀಲ್ ಕೂರುವ ಜಾಗ ತಿಂದುಹೋಗಿದ್ದರೆ ನೀರು ಗೇರುಗಳಿಗೆ ಇಳಿಯುತ್ತದೆ, ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮದು ತಿಳಿಯಾಗಿತ್ತು. ಹಾಗಿಲ್ಲದಿದ್ದರೆ ಹೊಸ ಡ್ರೈವ್‌ಗೆ ಕೂಲಿ ಸೇರಿ 9,000 ಡಾಲರ್ ಆಗುತ್ತಿತ್ತು. ಆ ಅಂದಾಜನ್ನು ಮೆಕ್ಯಾನಿಕ್ ಕೈಯಿಂದ ಬರೆಸಿಕೊಂಡೇ ಚೌಕಾಸಿಗೆ ಕೂತೆ. 11,000ಕ್ಕೆ ಮಾತು ಮುಗಿಯಿತು.

ಇಳಿದ ಮೂರು ಸಾವಿರದಲ್ಲಿ ಅರ್ಧದಷ್ಟು ದುರಸ್ತಿಗೆ ಹೋಯಿತು. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ತಡಮಾಡದೆ ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ. ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣವನ್ನು ಡ್ರೈವ್‌ಗೆ ಸೋಕಿಸಲೇಬಾರದು, ತಾಮ್ರ ಅಲ್ಯೂಮಿನಿಯಂನ ಶತ್ರು. ಡ್ರೈವ್ ಬಿಚ್ಚಿದ್ದಾಗಲೇ, ದೋಣಿಗೂ ಡ್ರೈವ್‌ಗೂ ನಡುವೆ ನೀರು ನುಗ್ಗದಂತೆ ತಡೆಯುವ ರಬ್ಬರ್ ಬೆಲ್ಲೋಸ್ ಕೂಡ ಬದಲಿಸಿದೆ. ಅದು ಹರಿದರೆ ದೋಣಿಯೇ ಮುಳುಗಬಹುದು, ಬೇರೆ ದಿನಕ್ಕೆಂದು ಬಿಟ್ಟರೆ ಬಿಚ್ಚುವ ಕೂಲಿಯನ್ನು ಎರಡು ಸಲ ತೆರಬೇಕು.

ಇನ್ನೊಂದು ಖರ್ಚನ್ನು ನಾನು ಎಲ್ಲರಿಗೂ ಒತ್ತಾಯದಿಂದ ಹೇಳುತ್ತೇನೆ: ಗ್ಯಾಲ್ವನಿಕ್ ಐಸೊಲೇಟರ್. ಮರೀನಾದಲ್ಲಿ ದಡದ ವಿದ್ಯುತ್ ಚುಚ್ಚಿಕೊಂಡ ದೋಣಿಗಳೆಲ್ಲ ಅರ್ಥ್ ತಂತಿಯ ಮೂಲಕ ಒಂದಕ್ಕೊಂದು ಸೇರಿಬಿಡುತ್ತವೆ, ಪಕ್ಕದವರ ದೋಣಿಯನ್ನು ಉಳಿಸಲು ನಮ್ಮ ಆನೋಡ್ ಕರಗುತ್ತದೆ. ಈ ಸಾಧನ ಆ ಸಣ್ಣ ಡಿಸಿ ಪ್ರವಾಹವನ್ನಷ್ಟೇ ತಡೆಯುತ್ತದೆ, ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಉಳಿತಾಯಕ್ಕೆಂದು ಅರ್ಥ್ ತಂತಿಯನ್ನೇ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಬೇಡ, ವಿದ್ಯುತ್ ಸೋರಿದರೆ ಪಕ್ಕದಲ್ಲಿ ಈಜುತ್ತಿರುವ ಮಕ್ಕಳ ಪ್ರಾಣ ಹೋಗುತ್ತದೆ.

ನಿಧಾನವಾಗಿ ತಿನ್ನುವ ಸವೆತಕ್ಕೆ ದೋಣಿ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹಾಗಾಗಿ ಮನೆಯ ವಾರ್ಷಿಕ ಲೆಕ್ಕದಲ್ಲಿ ಆನೋಡ್‌ಗೆಂದು ನೂರು ಡಾಲರ್ ಬೇರೆ ಇಟ್ಟಿದ್ದೇನೆ. ಅರ್ಧ ಸವೆದೊಡನೆ ಬದಲಿಸುತ್ತೇನೆ, ಬಿಗಿಯುವ ಜಾಗದ ಬಣ್ಣ ಕೆರೆದು ಮೀಟರ್ ಹಚ್ಚಿ ನೋಡುತ್ತೇನೆ. ನೀರಲ್ಲಿ ನಿಲ್ಲಿಸುವಾಗ ಡ್ರೈವ್ ಕೆಳಗಿಳಿಸಿಯೇ ಬರುತ್ತೇನೆ, ಆನೋಡ್‌ಗಳೆಲ್ಲ ಮುಳುಗಿರಲೆಂದು.