ಆಜ್ಞಾಪಂಕ್ತಿಯ ವ್ಯಾಕರಣವೂ ನಿರ್ವಾಹಕನ ವಿವೇಕವೂ

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆ ಕನ್ನಡಿಗರೆಲ್ಲರಿಗೂ ಸುಪರಿಚಿತವಾದುದು. ಲೋಕವ್ಯವಹಾರದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳುವ, ತಿದ್ದುಪಡಿ ಹೇಳುವ ಅವಕಾಶವಾದರೂ ಉಂಟು. ಗಣಕಯಂತ್ರಕ್ಕೆ ಲಿಖಿತ ಆಜ್ಞೆಗಳನ್ನು ಕೊಡುವ ನಿರ್ವಾಹಕನಿಗೆ ಅನೇಕ ವೇಳೆ ಆ ಅವಕಾಶವೂ ಇರುವುದಿಲ್ಲ. ಅವನು 'ಎಂಟರ್' ಕೀಲಿಯನ್ನು ಒತ್ತಿದ ಕ್ಷಣದಲ್ಲಿಯೇ ಯಂತ್ರವು ಹೇಳಿದಂತೆ ನಡೆದುಬಿಡುತ್ತದೆ. ಇಂದು ಶಾಲೆಯ ಅಂಕಪಟ್ಟಿ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರೋಗಿಗಳ ವಿವರ, ದಾನಿಗಳ ಕಾಣಿಕೆಯ ದಾಖಲೆ ಇವೆಲ್ಲವೂ ಇಂತಹ ಯಂತ್ರಗಳ ಆಶ್ರಯದಲ್ಲಿರುವುದರಿಂದ, ಅವುಗಳನ್ನು ಕಾಯುವವರ ಮಾತಿನ ಶುದ್ಧಿಯು ಸಮಾಜದ ಹಿತಕ್ಕೆ ಸಂಬಂಧಿಸಿದ ವಿಷಯವಾಗಿದೆ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೂ, ಶಾಲೆಯ ಗಣಕಗಳನ್ನು ನೋಡಿಕೊಳ್ಳುವ ಅಧ್ಯಾಪಕರಿಗೂ ಉಪಯುಕ್ತವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಆಜ್ಞೆಗಳನ್ನು ಬೆರಳಚ್ಚಿಸಬೇಕಾದುದು ರೋಮನ್ ಅಕ್ಷರಗಳಲ್ಲಿ. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕನ್ನಡ ಲಿಪಿಯಲ್ಲಿ ತೋರಿಸಲಾಗಿದೆ.

ಹಿನ್ನೆಲೆ

ಇಲ್ಲಿ ಹೇಳಲಾಗುವ ಆಜ್ಞೆಗಳಲ್ಲಿ ಬಹುಪಾಲು ಯೂನಿಕ್ಸ್ ಪರಂಪರೆಗೆ ಸೇರಿದವು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್‌ನ ರಚನೆಯನ್ನು ಆರಂಭಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಸಂಪ್ರದಾಯವನ್ನು ಅನುಸರಿಸಿತು. ಆರಂಭದ ದಿನಗಳಲ್ಲಿ ಪರದೆಗೆ ಬದಲಾಗಿ ಟೆಲಿಟೈಪ್ ಎಂಬ ಮುದ್ರಣಯಂತ್ರಗಳಿದ್ದವು. ಅವುಗಳ ಕೀಲಿಗಳು ಗಡುಸು, ಮುದ್ರಣವು ಸೆಕೆಂಡಿಗೆ ಸುಮಾರು 10 ಅಕ್ಷರ ಮಾತ್ರ. ಆದುದರಿಂದ ಆಜ್ಞೆಗಳ ಹೆಸರುಗಳು ಎರಡು ಮೂರು ಅಕ್ಷರಗಳಿಗೆ ಸಂಕ್ಷೇಪಗೊಂಡವು. ಕೆಲಸ ಸರಿಯಾಗಿ ನಡೆದರೆ ಯಂತ್ರವು ಮೌನವಾಗಿರಬೇಕೆಂಬ ಪದ್ಧತಿಯೂ ಬೆಳೆದುಬಂದಿತು. ಈ ಮಿತಭಾಷಿತ್ವವು ತಿಳಿದವನಿಗೆ ಅನುಕೂಲ, ಅಜಾಗರೂಕನಿಗೆ ಅಪಾಯ.

ಆಜ್ಞೆಯ ವಾಕ್ಯರಚನೆ

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಪ್ರತಿಯೊಂದು ಆಜ್ಞೆಯೂ ಒಂದು ವಿಧ್ಯರ್ಥಕ ವಾಕ್ಯ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದು ರೂಢಿ. ಇಲ್ಲಿ ಅದು ಮೊದಲಿಗೇ ಬರುತ್ತದೆ. ಅನಂತರ ಅಡ್ಡಗೆರೆಯೊಡನೆ ಬರುವ ಅಕ್ಷರಗಳು ಕ್ರಿಯಾವಿಶೇಷಣದಂತೆ ಕೆಲಸದ ರೀತಿಯನ್ನು ತಿಳಿಸುತ್ತವೆ. ಕೊನೆಗೆ ಬರುವುದು ಕರ್ಮಪದ, ಅಂದರೆ ಯಾವ ಕಡತದ ಅಥವಾ ಯಾವ ಯಂತ್ರದ ವಿಷಯದಲ್ಲಿ ಆ ಕೆಲಸ ನಡೆಯಬೇಕೆಂಬುದು. ಕರ್ತೃವಾದ ಯಂತ್ರವನ್ನು 'ನೀನು' ಎಂದು ಅಧ್ಯಾಹಾರ ಮಾಡಿಕೊಳ್ಳಬೇಕು.

ಅಧ್ಯಾಹಾರವು ಇಷ್ಟಕ್ಕೇ ಮುಗಿಯುವುದಿಲ್ಲ. ಕಡತಗಳ ಪಟ್ಟಿಯನ್ನು ಕೊಡುವ 'ಎಲ್‌ಎಸ್' ಎಂಬ ಆಜ್ಞೆಗೆ ಕರ್ಮಪದವನ್ನು ಕೊಡದಿದ್ದರೆ, ನಿರ್ವಾಹಕನು ಆಗ ಇರುವ ಡೈರೆಕ್ಟರಿಯೇ ಕರ್ಮವೆಂದು ಯಂತ್ರವು ಭಾವಿಸುತ್ತದೆ. ಆದಕಾರಣ ತಾನು ಎಲ್ಲಿರುವೆನೆಂಬುದನ್ನು ಮೊದಲು ತಿಳಿಯಬೇಕು. 'ಪಿಡಬ್ಲ್ಯೂಡಿ' ಎಂಬುದು ಇರುವ ಡೈರೆಕ್ಟರಿಯನ್ನೂ, 'ಹೋಸ್ಟ್‌ನೇಮ್' ಎಂಬುದು ಯಂತ್ರದ ಹೆಸರನ್ನೂ, 'ಹೂಆಮ್‌ಐ' ಎಂಬುದು ತಾನು ಯಾರ ಅಧಿಕಾರದಲ್ಲಿ ಮಾತನಾಡುತ್ತಿರುವೆನೆಂಬುದನ್ನೂ ತಿಳಿಸುತ್ತವೆ. ಸ್ಥಳ, ಯಂತ್ರ, ಅಧಿಕಾರ ಈ ಮೂರನ್ನು ಅರಿಯದೆ ದೊಡ್ಡ ಆಜ್ಞೆಯನ್ನು ಕೊಡಲಾಗದು.

ಇದನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದ ಘಟನೆ ಪ್ರಸಿದ್ಧ ನಿದರ್ಶನ. ಅಲ್ಲಿ ಮುಖ್ಯ ದತ್ತಸಂಚಯದ ಸರ್ವರ್ ಒಂದು, ಅದರ ನಕಲನ್ನು ಇರಿಸಿಕೊಳ್ಳುವ ಸರ್ವರ್ ಇನ್ನೊಂದು. ನಕಲಿನ ಸರ್ವರಿನಲ್ಲಿ ಅಳಿಸಬೇಕಾಗಿದ್ದ ಡೈರೆಕ್ಟರಿಯನ್ನು ರಾತ್ರಿಯವರೆಗೂ ದುಡಿಯುತ್ತಿದ್ದ ಒಬ್ಬ ನಿರ್ವಾಹಕನು ಮುಖ್ಯ ಸರ್ವರಿನಲ್ಲಿ ಅಳಿಸಿದನು. ಒಂದೆರಡು ಸೆಕೆಂಡುಗಳಲ್ಲಿ ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ. ಆಜ್ಞೆಯ ಒಂದೊಂದು ಅಕ್ಷರವೂ ಶುದ್ಧವಾಗಿಯೇ ಇತ್ತು. ಅದನ್ನು ಉಚ್ಚರಿಸಿದ ಸ್ಥಳ ಮಾತ್ರ ತಪ್ಪಾಗಿತ್ತು. ಮುಖ್ಯ ಸರ್ವರುಗಳ ಸೂಚಕಪಂಕ್ತಿಗೆ ಕೆಂಪು ಬಣ್ಣವನ್ನು ಕೊಡುವ ಪದ್ಧತಿಯನ್ನು ಅನೇಕ ನಿರ್ವಾಹಕರು ಅನುಸರಿಸುವುದು ಇಂತಹ ಪ್ರಮಾದದ ನಿವಾರಣೆಗಾಗಿ.

ಪದಚ್ಛೇದದ ಎಚ್ಚರ

ಪದಗಳ ನಡುವಣ ತೆರಪು ಅರ್ಥವನ್ನು ನಿರ್ಣಯಿಸುತ್ತದೆ. ತೋಟದ ಆಳಿಗೆ 'ಬಾಳೆಯೆಲೆ ಕಡಿ' ಎಂದರೆ ಅವನು ಎಲೆಯನ್ನು ಮಾತ್ರ ಕಡಿದು ತರುತ್ತಾನೆ. ಅದನ್ನೇ ಒಡೆದು 'ಬಾಳೆ, ಎಲೆ ಕಡಿ' ಎಂದರೆ ಗಿಡವೇ ಉರುಳೀತು. ಯಂತ್ರದಲ್ಲಿಯೂ ಹೀಗೆಯೇ. ಕಡತಗಳನ್ನು ಅಳಿಸುವ ಆಜ್ಞೆ 'ಆರ್‌ಎಂ'. ನಕ್ಷತ್ರ ಚಿಹ್ನೆಯು ಯಾವ ಹೆಸರಿಗಾದರೂ ಹೊಂದುವ ಸಂಕೇತ. ನಕ್ಷತ್ರವನ್ನೂ 'ಬ್ಯಾಕ್' ಎಂಬ ಹಳೆಯ ಪ್ರತಿಗಳ ಕೊನೆಯ ಗುರುತನ್ನೂ ಒತ್ತಾಗಿ ಬರೆದರೆ ಆ ಗುರುತುಳ್ಳ ಕಡತಗಳು ಮಾತ್ರ ಅಳಿಯುತ್ತವೆ. ನಡುವೆ ಒಂದು ತೆರಪು ಬಿದ್ದರೆ ನಕ್ಷತ್ರವೇ ಪ್ರತ್ಯೇಕ ಕರ್ಮಪದವಾಗಿ ಆ ಡೈರೆಕ್ಟರಿಯ ಸಾಮಾನ್ಯ ಕಡತಗಳೆಲ್ಲವೂ ನಾಶವಾಗುತ್ತವೆ. ಯೂನಿಕ್ಸ್‌ನಲ್ಲಿ ಹೀಗೆ ಅಳಿದದ್ದನ್ನು ಹಿಂದಕ್ಕೆ ತರುವ ಕಸದ ಬುಟ್ಟಿ ಇಲ್ಲ.

ಪರಿಹಾರವು ಸುಲಭವಾದುದು. ಯಾವ ಕರ್ಮಪದವನ್ನು 'ಆರ್‌ಎಂ'ಗೆ ಕೊಡಬೇಕೋ ಅದನ್ನೇ ಮೊದಲು 'ಎಲ್‌ಎಸ್'ಗೆ ಕೊಡಬೇಕು. ತೋರಿಬಂದ ಪಟ್ಟಿಯನ್ನು ಸಾವಧಾನವಾಗಿ ಓದಿ, ಅಳಿಯಬೇಕಾದುವು ಇವೇ ಎಂದು ನಿಶ್ಚಯವಾದ ಮೇಲೆ ಹಿಂದಿನ ಪಂಕ್ತಿಯನ್ನು ಮರಳಿ ಕರೆದು ಕ್ರಿಯಾಪದವೊಂದನ್ನೇ ಬದಲಿಸಬೇಕು. ಕಡತಗಳನ್ನು ಪ್ರತಿಮಾಡುವ 'ಆರ್‌ಸಿಂಕ್' ಎಂಬ ಆಜ್ಞೆಗೆ ಅಡ್ಡಗೆರೆಯೊಡನೆ 'ಎನ್' ಅಕ್ಷರವನ್ನು ಸೇರಿಸಿದರೆ, ಅದು ಏನನ್ನೂ ಬದಲಿಸದೆ ಏನು ಮಾಡಲಿರುವೆನೆಂಬುದನ್ನು ಮಾತ್ರ ಹೇಳುತ್ತದೆ. ಈ ಆಜ್ಞೆಯಲ್ಲಿ ಮೂಲ ಡೈರೆಕ್ಟರಿಯ ಹೆಸರಿನ ಕೊನೆಗೆ ಓರೆಗೆರೆಯಿದ್ದರೆ ಒಳಗಿನ ವಸ್ತುಗಳು ಮಾತ್ರ ಹೋಗುತ್ತವೆ. ಇಲ್ಲದಿದ್ದರೆ ಡೈರೆಕ್ಟರಿಯೇ ಹೋಗುತ್ತದೆ. ಒಂದು ಗೆರೆಯಿಂದ ಇಷ್ಟು ಅರ್ಥಭೇದ!

2017ರ ಫೆಬ್ರವರಿ 28ರಂದು ಅಮೆಜಾನ್ ಸಂಸ್ಥೆಯ ಉತ್ತರ ವರ್ಜೀನಿಯದ ದತ್ತಾಂಶ ಸಂಗ್ರಹ ಸೇವೆಯು ಸುಮಾರು ನಾಲ್ಕು ಗಂಟೆಗಳ ಕಾಲ ಅಸ್ತವ್ಯಸ್ತವಾಯಿತು. ಕೆಲವೇ ಸರ್ವರುಗಳನ್ನು ಸೇವೆಯಿಂದ ತೆಗೆಯಬೇಕಾಗಿದ್ದ ಆಜ್ಞೆಯ ಒಂದು ಅಂಶವನ್ನು ತಪ್ಪಾಗಿ ನಮೂದಿಸಿದುದರಿಂದ ಉದ್ದೇಶಕ್ಕಿಂತ ಹೆಚ್ಚು ಸರ್ವರುಗಳು ಹೊರಬಿದ್ದುದೇ ಇದಕ್ಕೆ ಕಾರಣ. ಸರ್ವರುಗಳು ಒಂದು ಕನಿಷ್ಠ ಮಿತಿಗಿಂತ ಕಡಮೆಯಾಗದಂತೆ ತಡೆಯುವ ವ್ಯವಸ್ಥೆಯನ್ನು ಆ ಸಾಧನಕ್ಕೆ ಅನಂತರ ಅಳವಡಿಸಲಾಯಿತು. ಮನುಷ್ಯನು ತಪ್ಪುವನೆಂದು ಮೊದಲೇ ಭಾವಿಸಿ ಸಾಧನವನ್ನು ರಚಿಸುವುದೂ ವಿವೇಕವೇ.

ಕೊಳವೆಯ ಕ್ರಮ

ಒಂದು ಆಜ್ಞೆಯ ಫಲವನ್ನು ಇನ್ನೊಂದಕ್ಕೆ ಆಹಾರವಾಗಿ ಕೊಡುವ 'ಪೈಪ್', ಅಂದರೆ ಕೊಳವೆ, ಯೂನಿಕ್ಸ್‌ನ ಅತ್ಯುತ್ತಮ ಕಲ್ಪನೆಗಳಲ್ಲಿ ಒಂದು. ಡಗ್ಲಸ್ ಮೆಕಿಲ್‌ರಾಯ್ 1964ರಲ್ಲಿಯೇ ಸೂಚಿಸಿದ್ದ ಈ ವಿಚಾರವನ್ನು 1973ರಲ್ಲಿ ಥಾಂಪ್ಸನ್ ಕಾರ್ಯರೂಪಕ್ಕೆ ತಂದರು. ಯಾವ ವಿಳಾಸದಿಂದ ಎಷ್ಟು ಬಾರಿ ತಪ್ಪು ಪಾಸ್‌ವರ್ಡ್ ಬಂದಿದೆಯೆಂದು ತಿಳಿಯಬೇಕಾಗಿದೆ ಎಂದಿಟ್ಟುಕೊಳ್ಳೋಣ. 'ಗ್ರೆಪ್' ಎಂಬುದು ದಿನಚರಿಯ ಕಡತದಿಂದ ಅಂತಹ ಸಾಲುಗಳನ್ನು ಮಾತ್ರ ಆರಿಸುತ್ತದೆ. 'ಆಕ್' ಎಂಬುದು ಆ ಸಾಲುಗಳಿಂದ ವಿಳಾಸವನ್ನು ಬೇರ್ಪಡಿಸುತ್ತದೆ. 'ಸಾರ್ಟ್' ಅವನ್ನು ಅನುಕ್ರಮವಾಗಿ ಜೋಡಿಸುತ್ತದೆ. 'ಯೂನಿಕ್' ಎಂಬುದಕ್ಕೆ 'ಸಿ' ಅಕ್ಷರವನ್ನು ಸೇರಿಸಿದರೆ ಪ್ರತಿಯೊಂದರ ಸಂಖ್ಯೆಯನ್ನು ಎಣಿಸುತ್ತದೆ. ಮತ್ತೊಮ್ಮೆ ಸಂಖ್ಯೆಯ ಇಳಿಕೆಯ ಕ್ರಮದಲ್ಲಿ 'ಸಾರ್ಟ್' ಮಾಡಿದರೆ ಅತಿ ಹೆಚ್ಚು ಬಾರಿ ಬಂದ ವಿಳಾಸ ಮೇಲಕ್ಕೆ ಬರುತ್ತದೆ.

ಇಲ್ಲಿ ಮೊದಲನೆಯ 'ಸಾರ್ಟ್' ಅನ್ನು ಬಿಡುವವರುಂಟು. 'ಯೂನಿಕ್' ಆಜ್ಞೆಯು ಒಂದಕ್ಕೊಂದು ಪಕ್ಕದಲ್ಲಿರುವ ಸಾಲುಗಳನ್ನು ಮಾತ್ರ ಹೋಲಿಸುವುದರಿಂದ, ಜೋಡಿಸದೆ ಎಣಿಸಿದ ಲೆಕ್ಕವು ತಪ್ಪಾಗುತ್ತದೆ; ತಪ್ಪೆಂದು ಯಂತ್ರವು ಹೇಳುವುದೂ ಇಲ್ಲ. ಕೊಳವೆಯನ್ನು ಒಂದೊಂದೇ ಹಂತವಾಗಿ ಕಟ್ಟಿ, ಪ್ರತಿ ಹಂತದ ಫಲವನ್ನು ಕಣ್ಣಾರೆ ನೋಡಿ ಮುಂದುವರಿಯುವುದು ಲೇಸು.

ಜಾಲದ ದೋಷವನ್ನು ಅರಸುವ ವಿಧಾನ

ಜಾಲವು ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂದಾಗ ಅಲ್ಲಲ್ಲಿ ಕೈಹಾಕುವುದು ತರವಲ್ಲ. ಸಮೀಪದಿಂದ ದೂರಕ್ಕೆ ಕ್ರಮವಾಗಿ ಹೋಗಬೇಕು. ತನ್ನ ಯಂತ್ರಕ್ಕೆ ವಿಳಾಸವಿದೆಯೇ ಎಂಬುದನ್ನು 'ಐಪಿ ಅಡ್ರೆಸ್' ಆಜ್ಞೆಯಿಂದ ತಿಳಿದು, ಅನಂತರ ಸ್ಥಳೀಯ ಜಾಲದ ಹೆಬ್ಬಾಗಿಲಾದ ಗೇಟ್‌ವೇಯನ್ನೂ, ಆಮೇಲೆ ಹೊರಗಿನ ಒಂದು ಯಂತ್ರವನ್ನು ಅದರ ಅಂಕಿಯ ವಿಳಾಸದಿಂದಲೂ 'ಪಿಂಗ್' ಮಾಡಬೇಕು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ವ್ಯವಸ್ಥೆಯಲ್ಲಿ ದೋಷವಿರುವ ಸಂಭವ ಹೆಚ್ಚು. ಅದನ್ನು 'ಡಿಗ್' ಆಜ್ಞೆಯಿಂದ ಪರೀಕ್ಷಿಸಬೇಕು.

'ಪಿಂಗ್' ಅನ್ನು 1983ರ ಡಿಸೆಂಬರಿನಲ್ಲಿ ರಚಿಸಿದವರು ಮೈಕ್ ಮ್ಯೂಸ್. ನೀರಿನೊಳಗೆ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯಿಂದ ವಸ್ತುವನ್ನು ಗುರುತಿಸುವ ಸೋನಾರ್ ಸಾಧನದ ಧ್ವನಿಯಿಂದ ಈ ಹೆಸರು ಬಂದಿದೆ. ಆದರೆ ಉತ್ತರ ಬಾರದಿದ್ದ ಮಾತ್ರಕ್ಕೆ ಯಂತ್ರವು ನಿಂತಿದೆಯೆಂದು ತೀರ್ಮಾನಿಸಲಾಗದು. ರಕ್ಷಣೆಯ ದೃಷ್ಟಿಯಿಂದ ಕೆಲವು ಯಂತ್ರಗಳು ಈ ಕರೆಗೆ ಓಗೊಡದಂತೆ ಏರ್ಪಾಡಾಗಿರುತ್ತವೆ.

'ಟ್ರೇಸ್‌ರೂಟ್' ಆಜ್ಞೆಯ ಯುಕ್ತಿ ಸ್ವಾರಸ್ಯವಾದುದು. ಜಾಲದಲ್ಲಿ ಹೋಗುವ ಪ್ರತಿ ಪೊಟ್ಟಣಕ್ಕೂ ಎಷ್ಟು ನಿಲ್ದಾಣಗಳನ್ನು ದಾಟಬಹುದೆಂಬ ಒಂದು ಸಂಖ್ಯೆಯಿರುತ್ತದೆ. ಪ್ರತಿ ನಿಲ್ದಾಣದಲ್ಲಿಯೂ ಅದು ಒಂದು ಕಡಮೆಯಾಗಿ, ಸೊನ್ನೆಯಾದಾಗ ಅಲ್ಲಿಂದ ಸಾಮಾನ್ಯವಾಗಿ ಕಳುಹಿಸಿದವನಿಗೆ ಸೂಚನೆ ಮರಳುತ್ತದೆ. ಮೊದಲು 1, ಆಮೇಲೆ 2, 3 ಎಂದು ಸಂಖ್ಯೆಯನ್ನು ಏರಿಸುತ್ತ ಕಳುಹಿಸಿದರೆ ದಾರಿಯ ಒಂದೊಂದು ನಿಲ್ದಾಣವೂ ತನ್ನ ಗುರುತನ್ನು ತಾನೇ ಹೇಳುತ್ತದೆ.

ತುಂಬಿದ ಡಿಸ್ಕು, ದೂರದ ಯಂತ್ರ

ಡಿಸ್ಕಿನಲ್ಲಿ ಉಳಿದ ಸ್ಥಳವನ್ನು 'ಡಿಎಫ್' ತಿಳಿಸಿದರೆ, ಯಾವ ಡೈರೆಕ್ಟರಿಯು ಎಷ್ಟು ಆಕ್ರಮಿಸಿದೆಯೆಂಬುದನ್ನು 'ಡಿಯು' ತಿಳಿಸುತ್ತದೆ. ಕೆಲವೊಮ್ಮೆ ಇವೆರಡರ ಲೆಕ್ಕ ಹೊಂದುವುದಿಲ್ಲ. ದೊಡ್ಡ ಕಡತವನ್ನು ಅಳಿಸಿದರೂ ಯಾವುದಾದರೂ ಕಾರ್ಯಕ್ರಮವು ಅದನ್ನು ತೆರೆದು ಹಿಡಿದಿದ್ದರೆ, ಹೆಸರು ಅಳಿದರೂ ಸ್ಥಳವು ಬಿಡುಗಡೆಯಾಗುವುದಿಲ್ಲ. 'ಎಲ್‌ಎಸ್‌ಒಎಫ್' ಆಜ್ಞೆಯಿಂದ ಆ ಕಾರ್ಯಕ್ರಮವನ್ನು ಪತ್ತೆಮಾಡಿ ಪುನಃ ಆರಂಭಿಸಿದರೆ ಲೆಕ್ಕ ಸರಿಹೋಗುತ್ತದೆ.

ದೂರದ ಯಂತ್ರದಲ್ಲಿ ಕೆಲಸ ಮಾಡಲು 'ಎಸ್‌ಎಸ್‌ಎಚ್' ಉಂಟು. ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದು ಓದಿದ ಪ್ರಸಂಗದಿಂದ ಎಚ್ಚೆತ್ತು ಫಿನ್ಲೆಂಡಿನ ತಾತು ಯಲೋನೆನ್ 1995ರಲ್ಲಿ ಇದನ್ನು ರಚಿಸಿದರು. ಇದರ ಸೆಟ್ಟಿಂಗ್ ಅಥವಾ ಫೈರ್‌ವಾಲಿನ ನಿಯಮವನ್ನು ತಪ್ಪಾಗಿ ಬದಲಿಸಿದರೆ, ಒಳಗಿದ್ದವನೇ ತನ್ನ ಮನೆಯ ಬಾಗಿಲನ್ನು ಹೊರಗಿನಿಂದ ಹಾಕಿಕೊಂಡು ಬೀಗದಕೈಯನ್ನು ಒಳಗೆ ಬಿಟ್ಟಂತಾಗುತ್ತದೆ. ಆದಕಾರಣ ಇರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಪ್ರವೇಶಿಸಿ ನೋಡಬೇಕು. ಫೈರ್‌ವಾಲಿನ ಬದಲಾವಣೆಯನ್ನು ಶಾಶ್ವತವಾಗಿ ಉಳಿಸುವ ಮೊದಲು, ಹತ್ತು ನಿಮಿಷಗಳ ಅನಂತರ ಯಂತ್ರವು ತಾನಾಗಿ ಪುನರಾರಂಭಗೊಳ್ಳುವಂತೆ 'ಶಟ್‌ಡೌನ್' ಆಜ್ಞೆಯನ್ನು ಕೊಟ್ಟಿರಬೇಕು. ಎಲ್ಲವೂ ಸರಿಯಾಗಿದ್ದರೆ ಅದನ್ನು ರದ್ದುಮಾಡಬಹುದು; ಸಂಪರ್ಕ ಕಡಿದರೆ ಹಳೆಯ ನಿಯಮಗಳೊಡನೆ ಯಂತ್ರವು ಮೇಲೇಳುತ್ತದೆ.

ಪ್ರತಿಯ ಪರೀಕ್ಷೆ

ಮೇಲೆ ಹೇಳಿದ ಗಿಟ್‌ಲ್ಯಾಬ್ ಘಟನೆಯಲ್ಲಿ ಇನ್ನೊಂದು ಪಾಠವಿದೆ. ಅಲ್ಲಿ ನಿತ್ಯವೂ ಬ್ಯಾಕಪ್ ನಡೆಯುತ್ತಿದೆಯೆಂದು ಎಲ್ಲರೂ ನಂಬಿದ್ದರು. ಆವೃತ್ತಿಗಳು ಹೊಂದದ ಕಾರಣ ಅದು ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಅಂಚೆಯೂ ತಲಪುತ್ತಿರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ. ಮಧ್ಯದ ಅವಧಿಯ ಬಳಕೆದಾರರ ಕೆಲಸವು ನಷ್ಟವಾಯಿತು. ಮರಳಿ ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು. ತಿಂಗಳಿಗೊಮ್ಮೆಯಾದರೂ ಒಂದು ಕಡತವನ್ನು ಪ್ರತಿಯಿಂದ ಹಿಂದಕ್ಕೆ ತಂದು ಓದಿ ನೋಡುವುದು ಎಲ್ಲ ಸಂಸ್ಥೆಗಳಿಗೂ ಅಗತ್ಯ. ಆ ಸಂಸ್ಥೆಯು ತನ್ನ ತಪ್ಪನ್ನು ಮರೆಮಾಚದೆ ಲೋಕಕ್ಕೆ ವಿವರವಾಗಿ ತಿಳಿಸಿದುದು ಪ್ರಶಂಸಾರ್ಹವಾದುದು.

ಉಪಸಂಹಾರ

ಮೇಲಿನ ವಿಷಯಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು:

1. ಸ್ಥಳ, ಯಂತ್ರ, ಅಧಿಕಾರಗಳನ್ನು ಅರಿತ ಮೇಲೆಯೇ ಆಜ್ಞೆಯನ್ನು ಬರೆಯಬೇಕು.
2. ಅಳಿಸುವುದಕ್ಕೆ ಮೊದಲು ಅದೇ ಕರ್ಮಪದವನ್ನು ಕೊಟ್ಟು ಪಟ್ಟಿಯನ್ನು ನೋಡಬೇಕು.
3. ತಿಳಿಯದ ಆಜ್ಞೆಯ ಅರ್ಥವನ್ನು 'ಮ್ಯಾನ್' ಎಂಬ ಕೈಪಿಡಿಯಲ್ಲಿ ಓದಬೇಕು. ಅರ್ಥವಾಗದ ಪಂಕ್ತಿಯನ್ನು ಬೇರೆಡೆಯಿಂದ ತಂದು ಅಂಟಿಸಬಾರದು.
4. ಸರ್ವಾಧಿಕಾರವನ್ನು 'ಸುಡೊ' ಮೂಲಕ ಬೇಕಾದ ಆಜ್ಞೆಗೆ ಮಾತ್ರ ಪಡೆಯಬೇಕು.
5. ಹಿಂದಿರುಗುವ ದಾರಿಯನ್ನು ಇಟ್ಟುಕೊಂಡು ಬದಲಾವಣೆ ಮಾಡಬೇಕು.
6. ಪ್ರತಿಯನ್ನು ಆಗಾಗ ಮರಳಿ ತೆರೆದು ಪರೀಕ್ಷಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಅಸಾಧಾರಣವಾದ ಬುದ್ಧಿಶಕ್ತಿ ಬೇಕಿಲ್ಲ. ಕೀಲಿಯನ್ನು ಒತ್ತುವ ಮೊದಲು ಪಂಕ್ತಿಯನ್ನು ಇನ್ನೊಮ್ಮೆ ಓದುವ ತಾಳ್ಮೆ ಇದ್ದರೆ ಸಾಕು. ಬರೆದುದನ್ನು ಒಪ್ಪಿಸುವ ಮೊದಲು ಓದಿ ತಿದ್ದಬೇಕೆಂದು ಪ್ರಾಥಮಿಕ ತರಗತಿಯ ಉಪಾಧ್ಯಾಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಸಹಸ್ರಾರು ಜನರ ದಾಖಲೆಗಳು ಒಬ್ಬನ ಕೈಬೆರಳಿನ ಕೆಳಗಿರುವ ಈ ಕಾಲದಲ್ಲಿ ಆ ಅಭ್ಯಾಸಕ್ಕೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ. ಗಣಕವಿದ್ಯೆಯನ್ನು ಕಲಿಸುವವರು ಆಜ್ಞೆಗಳ ಪಟ್ಟಿಯೊಡನೆ ಇದನ್ನೂ ಕಲಿಸಿದರೆ ವಿದ್ಯಾರ್ಥಿಗಳಿಗೂ, ಅವರನ್ನು ನಂಬುವ ಜನರಿಗೂ ಶ್ರೇಯಸ್ಸು.