ಬಿಸಿನೀರಿನ ಬುಗ್ಗೆಗಾಗಿ ಮನೆ ಮಾರಬೇಕೆ?

ಪ್ರಶ್ನೆ: ಯಜಮಾನರಿಗೆ 68 ವರ್ಷ. ಮಂಡಿನೋವು, ಬಿಪಿ ಇದೆ. ಹಿಮಾಚಲದ ಮಣಿಕರಣ್‌ಗೆ ಹೋಗಿಬಂದ ಮೇಲೆ, ಜಯನಗರದ ಮನೆ ಮಾರಿ ಅಲ್ಲೇ ನೆಲೆಸೋಣ ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಅವರ ಆಸೆಯನ್ನು ತಳ್ಳಿಹಾಕಬೇಡಿ ತಾಯಿ. ಬಿಸಿನೀರಿನಲ್ಲಿ ಕೂತರೆ ಮಂಡಿಯ ಬಿಗಿತ ಸಡಿಲವಾಗಿ ನೋವು ತಗ್ಗುವುದು ನಿಜ. ಆದರೆ ಅದು ಕೆಲಹೊತ್ತಿನ ಉಪಶಮನ; ಸವೆದ ಕೀಲು ಸರಿಹೋಗುವುದಿಲ್ಲ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳಬಹುದು. ಹತ್ತು ನಿಮಿಷ ಸಾಕು, ಪಕ್ಕದಲ್ಲೊಬ್ಬರು ಇರಲಿ. ಮಣಿಕರಣ್‌ನ ಬುಗ್ಗೆಯಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಇಳಿಬಿಟ್ಟರೆ ಅನ್ನವಾಗುತ್ತದೆ, ಅಷ್ಟು ಬಿಸಿ. ನೀರು ತಣಿಸಿ ಬಿಡುವ ಸ್ನಾನದ ಕೊಳಕ್ಕೆ ಮಾತ್ರ ಇಳಿಯಬೇಕು.

ನೆಲೆಸುವ ಮಾತೇ ಬೇರೆ. ಊರು 1,700 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ಚಳಿಗೆ ಮಂಡಿ ಇನ್ನಷ್ಟು ಬಿಗಿಯಬಹುದು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. 2023ರ ಜುಲೈ ಪ್ರವಾಹದಲ್ಲಿ ಮಣಿಕರಣ್ ಇರುವ ಕುಲ್ಲು ಜಿಲ್ಲೆಯಲ್ಲಿ ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಜಯನಗರದಿಂದ ಜಯದೇವ ಹೃದ್ರೋಗ ಆಸ್ಪತ್ರೆಗೆ ಆಟೋದಲ್ಲಿ ಹೋಗಬಹುದು. ಮಣಿಕರಣ್‌ನ ಕಣಿವೆಯಲ್ಲಿ ರಾತ್ರಿ ಎದೆನೋವು ಬಂದರೆ? ಇನ್ನೊಂದು, 1972ರ ಹಿಮಾಚಲ ಭೂಕಾಯ್ದೆಯ 118ನೇ ಕಲಂ ಪ್ರಕಾರ, ಅಲ್ಲಿಯ ಕೃಷಿಕರಲ್ಲದವರು ಜಮೀನು ಕೊಳ್ಳಲು ಸರ್ಕಾರದ ಅನುಮತಿ ಬೇಕು.

ಅಕ್ಟೋಬರಿನಲ್ಲಿ ಇಬ್ಬರೂ ಹೋಗಿ ಒಂದು ತಿಂಗಳು ಬಾಡಿಗೆಗೆ ಇದ್ದುಬನ್ನಿ. ಹೊರಡುವ ಮುನ್ನ ವೈದ್ಯರನ್ನು ಕಾಣಿ. ಮನೆಯ ಪತ್ರಕ್ಕೆ ಮಾತ್ರ ಈಗ ಸಹಿ ಹಾಕಬೇಡಿ.